ಸ್ಲ್ಯಾಬ್ ದಿನ ಬ್ಯಾಟ್‌ಮ್ಯಾನ್ ನೆನೆದ

"ಮಾಮ, ಬ್ಯಾಟ್‌ಮ್ಯಾನ್ ಈಗ ಸಿವಿಲ್ ಇಂಜಿನಿಯರ್ ಅಂತೆ. ಗೊತ್ತಾ ನಿನಗೆ?"

ಬೆಳಗ್ಗೆ ಆರೂವರೆ. ನಾನು ಹೆಲ್ಮೆಟ್ ಹುಡುಕುತ್ತಿದ್ದೆ. ದಸರಾ ರಜೆಗೆ ಬೆಂಗಳೂರಿನಿಂದ ಬಂದಿದ್ದ ಅಕ್ಕನ ಮಗಳು ಚಿನ್ನಿ ಹಲ್ಲುಜ್ಜುತ್ತಾ ಕೇಳಿದಳು. ಅವಳಿಗೆ ಹದಿನಾಲ್ಕು.

"ಗೊತ್ತು. ಪುಸ್ತಕ ನನ್ನ ಕಪಾಟಿನಲ್ಲೇ ಇದೆ. ನೀನು ಮುಟ್ಟಬೇಡ, ಹೊಡೆದಾಟ, ರಕ್ತ ಜಾಸ್ತಿ ಅದರಲ್ಲಿ."

"ನಿನ್ನೆ ರಾತ್ರಿನೇ ಮುಗಿಸಿದೆ."

ಇನ್ನೇನು ಹೇಳಲಿ? ಹೆಲ್ಮೆಟ್ ಫ್ರಿಜ್ ಮೇಲಿತ್ತು.

ಆವತ್ತು ಶಾಮನೂರಿನ ಆಚೆ ನಾವು ಕಟ್ಟುತ್ತಿದ್ದ ಒಂದು ಮನೆಯ ಸ್ಲ್ಯಾಬ್ ಇತ್ತು, ಅಂದರೆ ತಾರಸಿಗೆ ಕಾಂಕ್ರೀಟ್ ಹಾಕುವ ಕೆಲಸ. ಡಿಪ್ಲೊಮಾ ಮುಗಿಸಿ ಹದಿನಾರು ವರ್ಷದಿಂದ ನಾನು ದಾವಣಗೆರೆಯಲ್ಲಿ ಒಬ್ಬ ಸಣ್ಣ ಗುತ್ತಿಗೆದಾರರ ಹತ್ತಿರ ಸೈಟ್ ನೋಡಿಕೊಳ್ಳುತ್ತಿದ್ದೇನೆ. ಸ್ಲ್ಯಾಬ್ ದಿನ ಅಂದರೆ ನಮ್ಮ ಕಸುಬಿನವರಿಗೆ ಮದುವೆ ಮನೆ. ಹೊತ್ತು ಮೀರುವಂತಿಲ್ಲ, ಊಟ ಕಡಿಮೆ ಬೀಳುವಂತಿಲ್ಲ, ಯಾರಾದರೊಬ್ಬರು ಮುನಿಸಿಕೊಳ್ಳದೆ ಇರುವುದಿಲ್ಲ. ಅಂಥ ದಿನ ಚಿನ್ನಿ ತಾನೂ ಬರುತ್ತೇನೆ ಅಂತ ಹಟ ಹಿಡಿದಳು. ಬ್ಯಾಟ್‌ಮ್ಯಾನ್ ಹಗಲು ಹೊತ್ತು ಏನು ಮಾಡುತ್ತಾನೆ ಅಂತ ನೋಡಬೇಕಂತೆ.

"ಆ ಧೂಳಿಗೆ ಹುಡುಗೀನ ಯಾಕೋ ಕರ್ಕಂಡು ಹೋಗ್ತಿಯಾ?" ಅಂತ ಅವ್ವ ಬೈದಳು. ನಾನು ಮೂರು ಷರತ್ತು ಹಾಕಿದೆ. ಸ್ಲ್ಯಾಬ್ ಮೇಲೆ ಹತ್ತಬಾರದು, ಶೂ ಬಿಚ್ಚಬಾರದು, ಶೆಡ್ ಬಿಟ್ಟು ಅಲುಗಾಡಬಾರದು. ಎಲ್ಲಕ್ಕೂ ತಲೆ ಆಡಿಸಿದಳು. ಬ್ಯಾಗಿನಲ್ಲಿ ನನ್ನ ಪುಸ್ತಕ ಇಟ್ಟುಕೊಂಡದ್ದನ್ನು ಮಾತ್ರ ಹೇಳಲಿಲ್ಲ.

ಈ ಓದಿನ ಚಟ ನನಗೆ ಹೊಸದಲ್ಲ. ನನ್ನ ಮೊದಲ ಸೂಪರ್‌ಹೀರೋ ಒಂದು ಇಲಿ. ಮಕ್ಕಳ ಪತ್ರಿಕೆ ಬಾಲಮಂಗಳದ ಡಿಂಗ. ಬೇರೆ ಗ್ರಹದವರು ಹೊತ್ತುಕೊಂಡು ಹೋಗಿ ಏನೇನೋ ಪ್ರಯೋಗ ಮಾಡಿದ್ದರಿಂದ ಅವನಿಗೆ ಶಕ್ತಿ ಬಂದದ್ದು. ಈಗ ಯೋಚಿಸಿದರೆ ಅದು ಸೂಪರ್‌ಹೀರೋ ಕಥೆಯೂ ಹೌದು, ಸೈನ್ಸ್ ಫಿಕ್ಷನ್ನೂ ಹೌದು. ಅಪ್ಪನ ಸ್ಕೂಟರಿನ ಮುಂದೆ ನಿಂತು, ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟ್ ಹಾಕಿದಾಗಲೆಲ್ಲ ಡಿಂಗನ ಒಂದು ಕಥೆ ಮುಗಿಸುತ್ತಿದ್ದೆ. ಆ ಗೇಟಿನಲ್ಲಿ ಕಾದವರಿಗೆ ಗೊತ್ತು, ಕಥೆಯೇನು, ಒಂದು ಕಾದಂಬರಿನೇ ಮುಗಿಸಬಹುದಿತ್ತು.

ಇಂಗ್ಲಿಷ್ ಕಾಮಿಕ್ಸ್ ಹತ್ತಿದ್ದು ಆಮೇಲೆ, ಕೈಗೆ ಸಂಬಳ ಬಂದ ಮೇಲೆ. ಅದೂ ಲೆಕ್ಕ ಹಾಕಿಕೊಂಡೇ. ಒಂದು ಸಂಚಿಕೆಯ ಬೆಲೆ ಈಗ 4.99 ಡಾಲರ್‌ವರೆಗೂ ಹೋಗುತ್ತದೆ, ಅಂದರೆ 400 ರೂಪಾಯಿ ಮೇಲೆ. ಒಳಗೆ ಕಥೆ ಇರುವುದು 20-22 ಪುಟ. ಹೆಚ್ಚುಕಡಿಮೆ ಒಂದು ಚೀಲ ಸಿಮೆಂಟಿನ ದುಡ್ಡು. ಸಿಮೆಂಟ್ ಆದರೆ ಮನೆಯಾದರೂ ನಿಲ್ಲುತ್ತದೆ. ಅದಕ್ಕೇ ನಾನು ಐದಾರು ಸಂಚಿಕೆ ಸೇರಿಸಿ ಪುಸ್ತಕ ಬರುವವರೆಗೆ ಕಾಯುತ್ತೇನೆ. ಕಾಯುವುದು ನಮಗೆ ರೂಢಿ. ಕಾಂಕ್ರೀಟಿನವರಲ್ವಾ.

ಚಿನ್ನಿ ಹೇಳಿದ ಪುಸ್ತಕ 'ಆಬ್ಸಲ್ಯೂಟ್ ಬ್ಯಾಟ್‌ಮ್ಯಾನ್'. ಡಿಸಿ ಅನ್ನುವ ಕಾಮಿಕ್ಸ್ ಕಂಪನಿ 2024ರ ಅಕ್ಟೋಬರ್‌ನಲ್ಲಿ ಶುರು ಮಾಡಿದ್ದು. ಬರೆದವರು ಸ್ಕಾಟ್ ಸ್ನೈಡರ್, ಚಿತ್ರ ನಿಕ್ ಡ್ರಗೋಟಾ. ಹಳೆಯ ಬ್ಯಾಟ್‌ಮ್ಯಾನ್ 1939ರಲ್ಲಿ ಹುಟ್ಟಿದವನು. ಅವನಿಗೆ ಬಂಗಲೆ, ದುಡ್ಡು, ಬಟ್ಲರ್, ಎಲ್ಲ ಇತ್ತು. ಹೊಸಬನಿಗೆ ಒಂದೂ ಇಲ್ಲ. ಅಪ್ಪ ಸ್ಕೂಲ್ ಮೇಷ್ಟ್ರು, ಮಕ್ಕಳನ್ನು ಝೂ ತೋರಿಸಲು ಕರೆದುಕೊಂಡು ಹೋದಾಗ ಗುಂಡೇಟಿಗೆ ಸತ್ತ. ಅಮ್ಮ ಬದುಕಿದ್ದಾಳೆ. ಮುಂದೆ ಬ್ಯಾಟ್‌ಮ್ಯಾನಿನ ಶತ್ರುಗಳಾಗಬೇಕಾದವರು ಇಲ್ಲಿ ಅವನ ಬಾಲ್ಯದ ಗೆಳೆಯರು, ಕೂತು ಇಸ್ಪೀಟ್ ಆಡುತ್ತಾರೆ. ಇವನು ಊರಿನ ಸಿವಿಲ್ ಇಂಜಿನಿಯರ್. ಎದೆ ಮೇಲಿನ ಬಾವಲಿ ಗುರುತು ಕಿತ್ತರೆ ಕೊಡಲಿ ಆಗುತ್ತದೆ. ಗಾಡಿ ನೋಡಿದರೆ ಗಣಿಯಲ್ಲಿ ಓಡುವ ದೈತ್ಯ ಟಿಪ್ಪರಿನಂತಿದೆ.

ಇದನ್ನು ಮೊದಲ ಸಲ ಓದಿದಾಗ ನನಗೆ ಖುಷಿ ತಡೆಯಲಿಲ್ಲ. ಎಂಬತ್ತೈದು ವರ್ಷಕ್ಕೆ ಒಂದು ಸಲ ನಮ್ಮವನೊಬ್ಬ ಹೀರೋ ಆದ. ಆದರೂ ಒಂದು ತಕರಾರು ಉಂಟು. ಅಷ್ಟು ಅಗಲದ ಕಬ್ಬಿಣ ಎದೆಗೆ ಕಟ್ಟಿಕೊಂಡವನು ಬಗ್ಗಿ ಶೂ ಲೇಸ್ ಕಟ್ಟುವುದು ಹೇಗೆ? ಮೈಯೂ ಅಷ್ಟೇ, ಬಾಗಿಲಲ್ಲಿ ಹಿಡಿಸದಷ್ಟು ದೊಡ್ಡದು. ಸೈಟಿನಲ್ಲಿ ಅಂಥವನನ್ನು ಸೆಂಟ್ರಿಂಗ್ ಮೇಲೆ, ಅಂದರೆ ಕಾಂಕ್ರೀಟ್ ಹೊರುವ ಹಲಗೆಗಳ ಮೇಲೆ, ಹತ್ತಿಸಲು ನಾನಂತೂ ಒಪ್ಪುವುದಿಲ್ಲ.

ಎಂಟು ಗಂಟೆಗೆ ಮನೆಯ ಯಜಮಾನರು ಮಿಕ್ಸರಿಗೆ ಕುಂಕುಮ ಹಚ್ಚಿ ಕಾಯಿ ಒಡೆದರು. ನಿವೃತ್ತ ದಂಪತಿ. ಅಮ್ಮನವರು ಎಲ್ಲರಿಗೂ ಕೇಸರಿಬಾತ್ ಹಂಚಿದರು. ಮಿಕ್ಸರ್ ಗಡಗಡ ಶುರುವಾಯಿತು. ಬಾಂಡ್ಲಿಗಳು ಕೈಯಿಂದ ಕೈಗೆ ಮೇಲೆ ಹೋದವು. ಚಿನ್ನಿ ಶೆಡ್ಡಿನ ಬಾಗಿಲಲ್ಲಿ ನಿಂತು ಕೆಳಗಿನ ಜಾಕ್ ಕಂಬಗಳನ್ನೇ ನೋಡುತ್ತಿದ್ದಳು.

"ಮಾಮ, ಈ ಕಂಬ ಎಲ್ಲಾ ಆಮೇಲೆ ತೆಗೀತೀರಲ್ಲ, ಆಗ ಭಾರ ಎಲ್ಲಿ ಹೋಗುತ್ತೆ?"

ನನ್ನ ಹದಿನಾರು ವರ್ಷದಲ್ಲಿ ಯಾವ ಮನೆ ಯಜಮಾನರೂ ಈ ಪ್ರಶ್ನೆ ಕೇಳಿಲ್ಲ. ಟೈಲ್ಸ್ ಯಾವ ಬಣ್ಣ ಅಂತ ಕೇಳುತ್ತಾರೆ. ನಾನು ಬೆರಳಿನಲ್ಲಿ ತೋರಿಸಿದೆ. ಸ್ಲ್ಯಾಬಿನಿಂದ ಬೀಮಿಗೆ, ಬೀಮಿನಿಂದ ಕಾಲಮ್ಮಿಗೆ, ಅಲ್ಲಿಂದ ಪಾಯದ ಫುಟಿಂಗಿಗೆ, ಕೊನೆಗೆ ಮಣ್ಣಿಗೆ. ಅದೂ ಈ ಕಡೆಯ ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅದಕ್ಕೇ ಪಾಯ ಆಳಕ್ಕೆ ಹೋಗಬೇಕು. ಭಾರ ಮಾಯ ಆಗುವುದಿಲ್ಲ ಕಣೇ, ಯಾರಾದರೂ ಹೊರಲೇಬೇಕು ಅಂದೆ.

ಕಾಮಿಕ್ಸ್ ಓದುವಾಗಲೂ ನನಗೆ ಇದೇ ರೋಗ. ಯಾರೋ ಯಾರನ್ನೋ ಎತ್ತಿ ಕಟ್ಟಡದ ಮೇಲೆ ಎಸೆಯುತ್ತಾನೆ. ಹತ್ತು ಮಹಡಿ ಕುಸಿಯುತ್ತದೆ. ಮುಂದಿನ ಪುಟದಲ್ಲಿ ಇಬ್ಬರೂ ಆಕಾಶದಲ್ಲಿ. ನನ್ನ ಕಣ್ಣು ಕೆಳಗೇ ಉಳಿದಿರುತ್ತದೆ. ಆ ಇಟ್ಟಿಗೆ ಎತ್ತಿದವರು ಯಾರು? ಕೆಳಗೆ ಟೀ ಅಂಗಡಿ ಇತ್ತಾ?

ಇತ್ತೀಚೆಗೆ ನನಗೆ ಹಿಡಿಸಿದ ಕಥೆಗಳೆಲ್ಲ ಈ ಪ್ರಶ್ನೆಯನ್ನು ತಾವಾಗಿಯೇ ಕೇಳಿಕೊಂಡವು. ಡೇನಿಯಲ್ ವಾರೆನ್ ಜಾನ್ಸನ್ 2023ರಲ್ಲಿ ಶುರು ಮಾಡಿದ 'ಟ್ರಾನ್ಸ್‌ಫಾರ್ಮರ್ಸ್' ತಗೊಳ್ಳಿ. ಆಟಿಕೆ ಮಾರಲು ಹುಟ್ಟಿದ ರೋಬೋಟ್‌ಗಳು, ಅದರಲ್ಲಿ ಏನಿರುತ್ತದೆ ಅಂದುಕೊಂಡೇ ತೆರೆದೆ. ಶುರುವಿನಲ್ಲೇ ಒಂದು ಜಾಗ ಬರುತ್ತದೆ. ಆಪ್ಟಿಮಸ್ ಪ್ರೈಮ್ ಅನ್ನುವ ಆ ದೊಡ್ಡ ರೋಬೋಟ್ ಹೊಸದಾಗಿ ಭೂಮಿಗೆ ಬಂದಿದ್ದಾನೆ. ಗೊತ್ತಿಲ್ಲದೆ ಕಾಲಿಟ್ಟಾಗ ಒಂದು ಜಿಂಕೆ ಅಡಿಗೆ ಸಿಕ್ಕು ಸಾಯುತ್ತದೆ. ಅಷ್ಟು ದೊಡ್ಡವನು ಆ ಸಣ್ಣ ಜೀವದ ಮುಂದೆ ಕುಗ್ಗಿಹೋಗುತ್ತಾನೆ. ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಕಾಲಿನ ತೂಕ ಎಷ್ಟು ಅಂತ ಒಂದು ಪುಟದಲ್ಲಿ ತೋರಿಸಿಬಿಟ್ಟ ಮಾರಾಯ. ಅದಕ್ಕೆ 2024ರಲ್ಲಿ ಅತ್ಯುತ್ತಮ ಮುಂದುವರಿದ ಸರಣಿ ಅಂತ ಐಸ್ನರ್ ಪ್ರಶಸ್ತಿ ಬಂತು, ಕಾಮಿಕ್ಸ್‌ನವರಿಗೆ ಅದು ದೊಡ್ಡ ಪ್ರಶಸ್ತಿ. ಬರಲಿ, ಪ್ರಶಸ್ತಿ ಬರದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ.

ಹತ್ತೂವರೆಗೆ ಟೀ ಬಂತು. ನಮ್ಮ ದೊಡ್ಡ ಮೇಸ್ತ್ರಿ ಚಳ್ಳಕೆರೆ ಕಡೆಯವರು. ಅರವತ್ತು ದಾಟಿದ್ದಾರೆ. ಅವರು ಚಿನ್ನಿಯ ಕೈಯಲ್ಲಿದ್ದ ಪುಸ್ತಕ ನೋಡಿ, "ಏನವ್ವ ಅದು, ರಾಕ್ಷಸನ ಕಥಿಯೇನು?" ಅಂದರು.

ಚಿನ್ನಿ ಪುಸ್ತಕ ತಿರುಗಿಸಿ ತೋರಿಸಿದಳು. ನನ್ನ ಪುಸ್ತಕ! ಕಣ್ಣು ಬಿಟ್ಟೆ. ಅವಳು ನೋಡದ ಹಾಗೆ ಮುಖ ತಿರುಗಿಸಿದಳು. ಬ್ಯಾಟ್‌ಮ್ಯಾನ್ ಮೇಸ್ತ್ರಿಗೆ ಹಿಡಿಸಲಿಲ್ಲ. ಮುಖ ಮುಚ್ಚಿಕೊಂಡವನನ್ನು ನಂಬುವುದು ಹೇಗೆ ಅನ್ನುವುದು ಅವರ ವಾದ. ಆಗ ನಾನು ಅದೇ 'ಆಬ್ಸಲ್ಯೂಟ್' ಸಾಲಿನ ಸೂಪರ್‌ಮ್ಯಾನ್ ಕಥೆ ಹೇಳಿದೆ. ಜೇಸನ್ ಆರನ್ ಬರೆದು ರಾಫಾ ಸ್ಯಾಂಡೋವಲ್ ಚಿತ್ರ ಬಿಡಿಸಿದ್ದು. ಅದರಲ್ಲಿ ಸೂಪರ್‌ಮ್ಯಾನಿನ ಅಪ್ಪ ಅಮ್ಮ ಕ್ರಿಪ್ಟಾನ್ ಗ್ರಹದ ದುಡಿಯುವ ವರ್ಗದವರು. ಎದೆ ಮೇಲಿನ 'ಎಸ್' ಗುರುತು ಅಲ್ಲಿ ದೊಡ್ಡ ಮನೆತನದ ಲಾಂಛನ ಅಲ್ಲ, ಕೂಲಿಯವರ ಗುರುತು. ಮೇಲಿನವರು ಗ್ರಹವನ್ನು ತೋಡಿ ತೋಡಿ ಹಾಳು ಮಾಡುತ್ತಾರೆ. ಭೂಮಿಗೆ ಬಂದ ಮೇಲೂ ಈ ಹುಡುಗ ಬ್ರೆಜಿಲ್ ದೇಶದ ಗಣಿ ಕೂಲಿಗಳ ಜೊತೆ ನಿಲ್ಲುತ್ತಾನೆ.

ಮೇಸ್ತ್ರಿ ಟೀ ಲೋಟ ಕೆಳಗಿಟ್ಟರು. "ಹಂಗಾದ್ರೆ ಅವ್ನು ನಮ್ಮವ್ನು. ಅವ್ನಿಗೆ ಪಗಾರ ಎಷ್ಟು ಕೊಡ್ತಾರೆ?"

ನಾನು ಹುಡುಕಿದರೂ ಉತ್ತರ ಸಿಗಲಿಲ್ಲ. ನಿಜವಾಗಿ, ಯಾವ ಸೂಪರ್‌ಹೀರೋ ಪುಸ್ತಕದಲ್ಲೂ ವಾರದ ಬಟವಾಡೆ ದಿನ ನೋಡಿದ ನೆನಪಿಲ್ಲ.

ಮಾತು ಆಕಾಶದ ಕಡೆ ಹೋಯಿತು. ಮೇಸ್ತ್ರಿ ತಮ್ಮೂರ ಕಡೆ ಹೆಲಿಕಾಪ್ಟರಿನಿಂದ ಪುಟ್ಟ ವಿಮಾನ ಬಿಟ್ಟ ಸುದ್ದಿ ತೆಗೆದರು. ಚಿನ್ನಿ ನಂಬಲಿಲ್ಲ. ನಾನು ಮೊಬೈಲ್ ತೆಗೆದು ತೋರಿಸಿದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ಪರೀಕ್ಷಾ ನೆಲೆಯಲ್ಲಿ ಇಸ್ರೋದವರು ಮರುಬಳಕೆ ಮಾಡುವ ರೆಕ್ಕೆಯ ನೌಕೆಯನ್ನು ಇಳಿಸಿ ನೋಡಿದ್ದಾರೆ. ಒಂದಲ್ಲ, ಮೂರು ಸಲ. 2023ರ ಏಪ್ರಿಲ್‌ನಲ್ಲಿ ಮೊದಲನೆಯದು, 2024ರ ಜೂನ್ 23ಕ್ಕೆ ಮೂರನೆಯದು. ಚಿನೂಕ್ ಹೆಲಿಕಾಪ್ಟರ್ ಅದನ್ನು ನಾಲ್ಕೂವರೆ ಕಿಲೋಮೀಟರ್ ಮೇಲಕ್ಕೆ ಒಯ್ದು ಬಿಟ್ಟಿತು. ಒಳಗೆ ಯಾರೂ ಇಲ್ಲ. ತಾನೇ ದಾರಿ ಹುಡುಕಿಕೊಂಡು ರನ್‌ವೇ ಮೇಲೆ ಇಳಿಯಿತು. ಇಳಿಯುವಾಗ ವೇಗ ಗಂಟೆಗೆ 320 ಕಿಲೋಮೀಟರಿಗೂ ಜಾಸ್ತಿ.

"ಅಷ್ಟು ಜೋರಾಗಿ ಇಳಿದ್ರೆ ನಿಲ್ಸೋದು ಹೆಂಗ?" ಮೇಸ್ತ್ರಿಯ ಪ್ರಶ್ನೆ.

"ಹಿಂದೆ ಪ್ಯಾರಾಚೂಟ್ ಬಿಚ್ಚುತ್ತೆ. ಅದು ವೇಗ ತಗ್ಗಿಸುತ್ತೆ. ಆಮೇಲೆ ಬ್ರೇಕ್."

ಚಿನ್ನಿ ತುಂಬಾ ಹೊತ್ತು ಯೋಚಿಸಿ ಹೇಳಿದಳು. "ಮಾಮ, ಕಾಮಿಕ್ಸ್‌ನಲ್ಲಿ ಯಾವ ಸ್ಪೇಸ್‌ಶಿಪ್ಪೂ ಬ್ರೇಕ್ ಹಾಕೋದನ್ನ ನಾನು ನೋಡೇ ಇಲ್ಲ."

ಹನ್ನೊಂದೂವರೆ ಹೊತ್ತಿಗೆ ಅರ್ಧ ಸ್ಲ್ಯಾಬ್ ಮುಗಿದಿತ್ತು. ಪಟ್ ಅಂತ ಶಬ್ದ ಬಂತು. ಮಿಕ್ಸರಿನ ಬೆಲ್ಟ್ ಹರಿದಿತ್ತು. ಬಾಡಿಗೆ ಮಿಕ್ಸರ್. ಕೊಟ್ಟವನಿಗೆ ಫೋನ್ ಮಾಡಿದರೆ, ಸ್ಪೇರ್ ಬೆಲ್ಟ್ ಟೂಲ್ ಬಾಕ್ಸಿನಲ್ಲೇ ಇದೆ ಅಂದ. ಟೂಲ್ ಬಾಕ್ಸಿನಲ್ಲಿ ಇದ್ದದ್ದು ಒಂದು ಹಳೆಯ ಸ್ಪ್ಯಾನರ್, ಅರ್ಧ ಕಟ್ಟು ಬೀಡಿ.

ಇಂಥ ಹೊತ್ತಿನಲ್ಲಿ ಕೂಗಾಡಿ ಉಪಯೋಗ ಇಲ್ಲ. ಹಾಕಿದ ಕಾಂಕ್ರೀಟ್ ಗಟ್ಟಿಯಾಗುತ್ತಲೇ ಇರುತ್ತದೆ, ನಮಗಾಗಿ ಕಾಯುವುದಿಲ್ಲ. ನಿಲ್ಲಿಸಲೇಬೇಕಾದರೆ ಎಲ್ಲಿ ಬೇಕಾದಲ್ಲಿ ನಿಲ್ಲಿಸುವ ಹಾಗೂ ಇಲ್ಲ. ಬೀಮಿನ ಪಕ್ಕದಲ್ಲಿ ನಿಲ್ಲಿಸಿದರೆ ಅಲ್ಲೇ ಕತ್ತರಿಸುವ ಒತ್ತಡ ಜಾಸ್ತಿ. ಎರಡು ಬೀಮುಗಳ ನಡುವಿನ ಜಾಗದಲ್ಲಿ ನಿಲ್ಲಿಸಬೇಕು. ಅಲ್ಲಿಗೆ ಮುಟ್ಟಲು ನಮಗೆ ಇನ್ನೂ ನಾಲ್ಕು ಅಡಿ ಬೇಕಿತ್ತು. ಮೇಸ್ತ್ರಿ ಒಂದು ಮಾತೂ ಆಡದೆ ಶೀಟು ಹಾಸಿಸಿ ಕೈಯಲ್ಲೇ ಕಲಸಲು ಶುರು ಮಾಡಿಸಿದರು. ಕೈಯಲ್ಲಿ ಕಲಸಿದರೆ ನೂರಕ್ಕೆ ಹತ್ತು ಭಾಗ ಸಿಮೆಂಟ್ ಜಾಸ್ತಿ ಹಾಕಬೇಕು. ಅದನ್ನು ನೋಡಿಕೊಳ್ಳಲು ಒಬ್ಬನಿಗೆ ಹೇಳಿ, ನಾನು ಬೈಕ್ ತೆಗೆದೆ. ಚಿನ್ನಿ ಹಿಂದೆ ಹತ್ತಿ ಕೂತಾಗಿತ್ತು.

ಮಂಡಿಪೇಟೆ ಕಡೆಯ ಅಂಗಡಿಯಲ್ಲಿ ಬೆಲ್ಟ್ ಸಿಕ್ಕಿತು. ವಾಪಸ್ ಬರುವಾಗ ಅಶೋಕ ರಸ್ತೆಯಲ್ಲಿ ಗಾಡಿಗಳ ಸಾಲು. ಹಬ್ಬದ ಸಂತೆ. ನನ್ನ ತಲೆಯಲ್ಲಿ ಬರೀ ಸೆಟ್ಟಿಂಗ್ ಟೈಮ್, ಕಾಂಕ್ರೀಟ್ ಗಟ್ಟಿಯಾಗುವ ಹೊತ್ತು, ಓಡುತ್ತಿತ್ತು. ಹಿಂದಿನಿಂದ ಚಿನ್ನಿ ಜಗಳ ಶುರು ಮಾಡಿದಳು.

"ನಿನಗೆ ಎಲ್ಲದರಲ್ಲೂ ಕಾಲಂ ಬೇಕು ಮಾಮ. ಸೂಪರ್‌ಮ್ಯಾನ್ ಹಾರೋದೇ ಭಾರ ಇಲ್ಲ ಅಂತ ತೋರಿಸೋಕೆ. ಅಲ್ಲೂ ಹೋಗಿ ಕೆಳಗೆ ಏನು ಬಿತ್ತು ಅಂತ ನೋಡಿದ್ರೆ ಹಾರೋ ಖುಷಿ ಎಲ್ಲಿ?"

ಅವಳ ಮಾತಿನಲ್ಲಿ ಹುರುಳಿತ್ತು. ಒಪ್ಪಿಕೊಳ್ಳಲು ಆಗ ಮನಸ್ಸು ಬರಲಿಲ್ಲ. ಹುಟ್ಟಿನಿಂದಲೇ ವಿಚಿತ್ರ ಶಕ್ತಿ ಇರುವ ಎಕ್ಸ್-ಮೆನ್ ಗುಂಪಿನ ಉದಾಹರಣೆ ತೆಗೆದೆ. 2019ರಲ್ಲಿ ಜೊನಾಥನ್ ಹಿಕ್‌ಮನ್ ಅವರನ್ನೆಲ್ಲ ಕ್ರಕೋವಾ ಅನ್ನುವ ದ್ವೀಪಕ್ಕೆ ಕರೆದುಕೊಂಡು ಹೋದ. ಅಲ್ಲಿ ಯಾರು ಸತ್ತರೂ ಮತ್ತೆ ಹುಟ್ಟಿಸುವ ಏರ್ಪಾಡು. ಶುರುವಿನಲ್ಲಿ ನಾನು ಬೆರಗಾಗಿ ಓದಿದೆ. ಅಷ್ಟು ಬುದ್ಧಿವಂತ ಶುರು ಇತ್ತೀಚೆಗೆ ಬೇರೆ ನೋಡಿಲ್ಲ. ಆದರೆ 2024ರಲ್ಲಿ ಮುಗಿಯುವ ಹೊತ್ತಿಗೆ ಎಷ್ಟು ಪುಸ್ತಕ, ಎಷ್ಟು ಯುದ್ಧ! ಸಾಯುತ್ತಾರೆ, ಬರುತ್ತಾರೆ. ಕೊನೆಕೊನೆಗೆ ನಾನು ಯಾರು ಸತ್ತರೂ ಪುಟ ತಿರುಗಿಸುತ್ತಿದ್ದೆ, ಪೇಪರಿನ ಶ್ರದ್ಧಾಂಜಲಿ ಪುಟದ ಹಾಗೆ. ಈ ರೂಢಿ ಹಳೆಯದೇ. ಸೂಪರ್‌ಮ್ಯಾನನ್ನೇ 1992ರಲ್ಲಿ ಸಾಯಿಸಿ ಮರುವರ್ಷ ಎಬ್ಬಿಸಿದವರು ಈ ಕಾಮಿಕ್ಸ್‌ನವರು.

"ಸರಿ, ವಂಡರ್ ವುಮನ್?" ಅಂದಳು.

ಇದು ಅವಳ ಕೈಯಲ್ಲಿದ್ದ ತುರುಫು. ಕೆಲ್ಲಿ ಥಾಂಪ್ಸನ್ ಬರೆದ, ಹೇಡನ್ ಶೆರ್ಮನ್ ಚಿತ್ರ ಬಿಡಿಸಿದ 'ಆಬ್ಸಲ್ಯೂಟ್ ವಂಡರ್ ವುಮನ್' ಅವಳಿಗೆ ಪ್ರಾಣ. ಅದರಲ್ಲಿ ಡಯಾನಾ ದ್ವೀಪದಲ್ಲಿ ರಾಜಕುಮಾರಿಯಾಗಿ ಬೆಳೆಯುವುದಿಲ್ಲ. ಕೂಸಿದ್ದಾಗಲೇ ಅವಳನ್ನು ನರಕಕ್ಕೆ ಒಯ್ದು ಸರ್ಸಿ ಅನ್ನುವ ಮಾಟಗಾತಿಯ ಕೈಗೆ ಕೊಡುತ್ತಾರೆ. ಬೇಡ ಬೇಡ ಅನ್ನುತ್ತಲೇ ಆ ಮಾಟಗಾತಿ ತಾಯಿ ಆಗಿಬಿಡುತ್ತಾಳೆ. ಮುಂದೆ ಸ್ಟೀವ್ ಅನ್ನುವವನನ್ನು ನರಕದಿಂದ ಭೂಮಿಗೆ ವಾಪಸ್ ಕಳಿಸಲು ಡಯಾನಾ ತನ್ನ ಒಂದು ಕೈಯನ್ನೇ ಕೊಡುತ್ತಾಳೆ.

"ನೋಡಿದ್ಯಾ, ಕೈ ಕೊಟ್ಟಳು. ಅದೇ ಭಾರ. ನಾನು ಹೇಳಿದ್ದೂ ಅದನ್ನೇ," ಅಂದೆ ಗೆದ್ದವನ ಹಾಗೆ.

"ಅಲ್ಲ ಮಾಮ. ನನಗೆ ಇಷ್ಟ ಆಗಿದ್ದು ಕೈ ಕೊಟ್ಟಿದ್ದಲ್ಲ. ಆಮೇಲೆ ಅವಳು ಅದನ್ನ ಯಾರಿಗೂ ಹೇಳ್ಕೊಂಡು ಓಡಾಡಲ್ಲ. ನೀನು ಬೆಲ್ಟ್ ತರೋಕೆ ಬಂದಿದ್ದನ್ನ ಮನೇಲಿ ಒಂದು ವಾರ ಹೇಳ್ತೀಯ."

ಸಿಗ್ನಲ್ ಬಿಟ್ಟಿತು. ಒಳ್ಳೇದಾಯಿತು.

ಸೈಟಿಗೆ ಬಂದಾಗ ಮೇಸ್ತ್ರಿ ಸರಿಯಾದ ಜಾಗಕ್ಕೆ ತಂದು ನಿಲ್ಲಿಸಿದ್ದರು. ಅಂಚಿಗೆ ಹಲಗೆ ಕೊಟ್ಟು ನೇರವಾಗಿ ಕಟ್ಟಿದ್ದರು. ಬೆಲ್ಟ್ ಹಾಕಿಸಿ, ಅಂಚನ್ನು ಕೆರೆಸಿ ಒರಟು ಮಾಡಿಸಿ, ಸಿಮೆಂಟ್ ಹಾಲು ಸುರಿದು ಮತ್ತೆ ಶುರು ಮಾಡಿದೆವು. ಚಿನ್ನಿಗೆ ಇದು ಯಾಕೆ ಅಂತ ಗೊತ್ತಾಗಬೇಕಿತ್ತು. ಹಳೆಯದು ಹೊಸದನ್ನು ಹಿಡಿದುಕೊಳ್ಳಲಿ ಅಂತ. ನುಣ್ಣಗಿದ್ದರೆ ಹಿಡಿಯುವುದಿಲ್ಲ.

ಆಗ ನನಗೆ 'ಸಾಗಾ' ನೆನಪಾಯಿತು. ಬ್ರಯಾನ್ ವಾನ್ ಮತ್ತು ಫಿಯೋನಾ ಸ್ಟೇಪಲ್ಸ್ ಸೇರಿ 2012ರಿಂದ ತರುತ್ತಿರುವ ಅಂತರಿಕ್ಷದ ಕಥೆ. ದೊಡ್ಡವರಿಗೆ ಮಾತ್ರ, ಚಿನ್ನಿಗೆ ಅದರ ಹೆಸರನ್ನೂ ಹೇಳಿಲ್ಲ. ರೆಕ್ಕೆ ಇರುವವರಿಗೂ ಕೊಂಬು ಇರುವವರಿಗೂ ಯುದ್ಧ. ಆ ಕಡೆಯ ಒಬ್ಬಳು, ಈ ಕಡೆಯ ಒಬ್ಬ, ಅವರ ಕೂಸು. ಕಥೆ ಹೇಳುವುದು ಆ ಕೂಸೇ, ದೊಡ್ಡವಳಾದ ಮೇಲೆ. ಯುದ್ಧ ಯಾರು ಶುರು ಮಾಡಿದರು ಅನ್ನುವುದಕ್ಕಿಂತ, ಮಗುವಿಗೆ ರಾತ್ರಿ ಎಲ್ಲಿ ಮಲಗಿಸಬೇಕು ಅನ್ನುವುದೇ ಅಲ್ಲಿ ದೊಡ್ಡ ಚಿಂತೆ. ನನ್ನ ಲೆಕ್ಕದಲ್ಲಿ ಈ ಕಾಲದ ಸೈನ್ಸ್ ಫಿಕ್ಷನ್ ಕಾಮಿಕ್ಸ್‌ನಲ್ಲಿ ಅದಕ್ಕೆ ಸರಿಸಾಟಿ ಇಲ್ಲ. 2018ರಲ್ಲಿ ಎದೆ ಒಡೆಯುವ ಜಾಗಕ್ಕೆ ತಂದು ನಿಲ್ಲಿಸಿದರು. ಮತ್ತೆ ಶುರುವಾಗಿದ್ದು 2022ರ ಜನವರಿಯಲ್ಲಿ. ಅಷ್ಟು ವರ್ಷ ಬಿಟ್ಟು ಓದಿದರೂ ಕಥೆ ಬಿರುಕು ಬಿಟ್ಟಿರಲಿಲ್ಲ. ಅವರು ಒರಟಾದ ಕಡೆ ನಿಲ್ಲಿಸಿದ್ದರು.

ಊಟಕ್ಕೆ ಪಲಾವ್, ಮೊಸರು ಬಜ್ಜಿ. ನಾನು ಕೂತು ತಿನ್ನಲಿಲ್ಲ. ಮೂರು ಗಂಟೆಗೆ ಬಾತಿ ಕಡೆ ಮೋಡ ಕಪ್ಪಾಯಿತು. ಇನ್ನೂ ಒಂದು ಕೋಣೆಯಷ್ಟು ಜಾಗ ಉಳಿದಿತ್ತು. ಹೊರಗೆ ಮೂವತ್ತು ಚೀಲ ಸಿಮೆಂಟ್. ತಾಡಪಾಲು ಇದ್ದದ್ದು ಎರಡು. ಎರಡನ್ನೂ ಹೊಸ ಕಾಂಕ್ರೀಟಿನ ಮೇಲೆ ಎಳೆಯಲು ಕೂಗಿದೆ. ಮಳೆ ಬಂತು. ಹನಿ ಹನಿಯಾಗಿ ಅಲ್ಲ, ಒಮ್ಮೆಗೇ.

ಸಿಮೆಂಟ್ ಚೀಲ ನೆನಪಾಗಿ ಕೆಳಗೆ ಓಡಿ ಬಂದರೆ ಚೀಲಗಳು ಅಲ್ಲಿರಲಿಲ್ಲ. ಚಿನ್ನಿ ಇಬ್ಬರು ಹೆಣ್ಣಾಳುಗಳನ್ನು ಕೂಗಿ ಶೆಡ್ಡಿಗೆ ಸಾಗಿಸಿದ್ದಳು. ತಾನು ಶೆಡ್ಡಿನ ತಗಡಿನ ಬಾಗಿಲನ್ನು ಒತ್ತಿ ಹಿಡಿದು ನಿಂತಿದ್ದಳು. ಜಾಗ ಸಾಲದೆ ಅಲ್ಲಿದ್ದ ಸಾಮಾನೆಲ್ಲ ಹೊರಗೆ ಇಟ್ಟಿದ್ದರು. ನನ್ನ ಊಟದ ಡಬ್ಬಿ, ಮೇಸ್ತ್ರಿಯ ಚಪ್ಪಲಿ, ಚಿನ್ನಿಯ ಬ್ಯಾಗು.

ಬ್ಯಾಗಿನ ಜಿಪ್ ತೆರೆದಿತ್ತು.

ಇಪ್ಪತ್ತು ನಿಮಿಷಕ್ಕೆ ಮಳೆ ನಿಂತಿತು. ತಾಡಪಾಲು ಹೊದಿಸಿದ್ದರಿಂದ ಸ್ಲ್ಯಾಬಿಗೆ ಏನೂ ಆಗಿರಲಿಲ್ಲ. ಉಳಿದ ಕೋಣೆ ಐದೂವರೆಗೆ ಮುಗಿಯಿತು. ಬ್ಯಾಟ್‌ಮ್ಯಾನ್ ಮಾತ್ರ ನೆನೆದು ರೊಟ್ಟಿ ಹಿಟ್ಟಾಗಿದ್ದ. ಚಿನ್ನಿ ಎರಡೂ ಕೈಯಲ್ಲಿ ಪುಸ್ತಕ ಹಿಡಿದು ನಿಂತಿದ್ದಳು. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು.

"ಬೈಯಿ," ಅಂದಳು.

ಬೈಯಬೇಕು ಅಂತಲೇ ಇತ್ತು. ಆ ಪುಸ್ತಕ ಪಾರ್ಸೆಲ್ಲಿನಲ್ಲಿ ಬಂದಾಗಲೇ ಒಂದು ಮೂಲೆ ಮಡಚಿತ್ತು, ಅದಕ್ಕೇ ನಾನು ಎರಡು ದಿನ ಸಿಡುಕಿದವನು. ಅಷ್ಟರಲ್ಲಿ ಮೇಸ್ತ್ರಿ ಬಂದು, "ಮೂವತ್ತು ಚೀಲ ಉಳಿಸ್ಯಾಳ ಸಾರ್, ಪುಸ್ತಕ ಒಂದು ಹೋದ್ರೆ ಹೋಗ್ಲಿ ಬಿಡ್ರಿ," ಅಂದರು. ಲೆಕ್ಕ ಅವರದೇ ಸರಿ.

ಸಂಜೆ ಎಲ್ಲರಿಗೂ ಮಂಡಕ್ಕಿ, ಮಿರ್ಚಿ ತರಿಸಿದ್ದರು ಯಜಮಾನರು. ಪೇಪರ್ ಮೇಲೆ ಸುರಿದ ಖಾರ ಮಂಡಕ್ಕಿ, ಬಿಸಿ ಬಿಸಿ ಮೆಣಸಿನಕಾಯಿ. ಇಡೀ ದಿನ ತಿನ್ನದೆ ಇದ್ದ ನಾನು ಐದು ಮಿರ್ಚಿ ತಿಂದೆ. ಚಿನ್ನಿ ಕಣ್ಣೀರು ಸುರಿಸುತ್ತಾ ಎರಡು ತಿಂದಳು. ಖಾರಕ್ಕೋ ಪುಸ್ತಕಕ್ಕೋ ಕೇಳಲಿಲ್ಲ.

ಮನೆಗೆ ಬಂದ ಮೇಲೆ ನನ್ನ ಹೆಂಡತಿ ಪುಟ ಪುಟದ ನಡುವೆ ಹಳೆ ಪೇಪರ್ ಇಟ್ಟು ಫ್ಯಾನ್ ಕೆಳಗೆ ಹರಡಿದಳು. ಅವಳಿಗೆ ಈ ಪುಸ್ತಕಗಳ ಮೇಲೆ ಪ್ರೀತಿ ಏನಿಲ್ಲ. ನಾನು ಓದಿದ್ದರಲ್ಲಿ ಅವಳು ಕಿವಿಗೊಟ್ಟು ಕೇಳಿದ್ದು ಒಂದೇ ಒಂದು ಕಥೆ. 2024ರ 'ಅಲ್ಟಿಮೇಟ್ ಸ್ಪೈಡರ್‌ಮ್ಯಾನ್'. ಅದೂ ಹಿಕ್‌ಮನ್ ಬರೆದದ್ದೇ, ಚಿತ್ರ ಮಾರ್ಕೊ ಕೆಕೆಟ್ಟೊ. ಅದರಲ್ಲಿ ಪೀಟರ್ ಪಾರ್ಕರ್ ಕಾಲೇಜು ಹುಡುಗ ಅಲ್ಲ. ಮದುವೆಯಾಗಿ ಎರಡು ಮಕ್ಕಳ ತಂದೆ. ಅರ್ಧ ವಯಸ್ಸಿಗೆ ಜೇಡ ಕಚ್ಚಿ ಶಕ್ತಿ ಬರುತ್ತದೆ. ಹಳೆಯ ಕಥೆಯಲ್ಲಿ ಸಾಯುವ ಅಂಕಲ್ ಬೆನ್ ಇಲ್ಲಿ ಬದುಕಿದ್ದಾನೆ, ತೀರಿಕೊಂಡಿರುವುದು ಆಂಟ್ ಮೇ. ಬೆನ್ ಮತ್ತು ಪತ್ರಕರ್ತ ಜೇಮ್ಸನ್ ಇಬ್ಬರೂ ಪೇಪರಿನ ಕೆಲಸ ಬಿಟ್ಟು ತಮ್ಮದೇ ಪತ್ರಿಕೆ ಮಾಡಲು ಹೊರಡುತ್ತಾರೆ. ಒಂದು ಸಂಚಿಕೆಯಿಂದ ಇನ್ನೊಂದಕ್ಕೆ ಕಥೆಯೊಳಗೂ ಒಂದು ತಿಂಗಳು ಕಳೆದಿರುತ್ತದೆ. ಹಬ್ಬದ ಊಟ, ಮಕ್ಕಳ ಸ್ಕೂಲು, ಗಂಡ ಹೆಂಡತಿ ಮಾತು, ಇದೇ ಜಾಸ್ತಿ. ಹೊಡೆದಾಟ ಸಾಲದು ಅಂತ ಬೈದವರಿದ್ದಾರೆ. ನನಗೆ ಊಟದ ಮೇಜಿನ ಪುಟಗಳೇ ಹಿಡಿಸಿದವು. ನನ್ನ ವಯಸ್ಸು ಹಾಗಿದೆಯೋ ಏನೋ.

ಆ ಕಥೆ ಕೇಳಿ ನನ್ನ ಹೆಂಡತಿ ಆಗ ಹೇಳಿದ್ದು ಇಷ್ಟು. "ರಾತ್ರಿ ಹೊತ್ತು ಗೋಡೆ ಹತ್ತಿ ಬರ್ತೀನಿ ಅಂದ್ರೆ ನಾನಂತೂ ಬಿಡಲ್ಲ. ಹತ್ತಲೇಬೇಕು ಅಂದ್ರೆ ಚಿತ್ರದುರ್ಗಕ್ಕೆ ಹೋಗಿ ಕೋತಿರಾಜನ ಹತ್ರ ಕಲ್ತ್ಕೊಂಡು ಬನ್ನಿ." ಹಗ್ಗ ಇಲ್ಲದೆ ಕೋಟೆಯ ಗೋಡೆ ಹತ್ತುವ ಜ್ಯೋತಿರಾಜ್ ಅವರನ್ನು ನೋಡಿದವರಿಗೆ ನಮ್ಮ ಸ್ಪೈಡರ್‌ಮ್ಯಾನ್ ದೊಡ್ಡ ಸಾಹಸಿ ಅನ್ನಿಸುವುದು ಕಷ್ಟವೇ.

ರಾತ್ರಿ ಹತ್ತಕ್ಕೆ ಪುಟಗಳು ಒಣಗಿದವು. ಒಣಗಿದ್ದು ಹೌದು, ಹಪ್ಪಳದ ಹಾಗೆ ಅಂಕುಡೊಂಕಾಗಿ ಎದ್ದು ನಿಂತವು. ಇಸ್ತ್ರಿ ಹಾಕೋಣ ಅಂದೆ. ಬಣ್ಣ ಹೋಗುತ್ತೆ ಅಂದಳು ಚಿನ್ನಿ. ಅವ್ವ ಇಷ್ಟು ಹೊತ್ತು ಸುಮ್ಮನೆ ನೋಡುತ್ತಿದ್ದವಳು ಎದ್ದು ಹಿತ್ತಲಿಗೆ ಹೋದಳು. ಒರಳು ಕಲ್ಲಿನ ಗುಂಡನ್ನು ತಬ್ಬಿಕೊಂಡು ಬಂದಳು. ಗ್ರೈಂಡರ್ ಬಂದ ಮೇಲೆ ಅದಕ್ಕೆ ಕೆಲಸ ಇರಲಿಲ್ಲ. ಪುಸ್ತಕದ ಮೇಲೆ ಒಂದು ಮಣೆ, ಮಣೆಯ ಮೇಲೆ ಗುಂಡು.

"ಏಳು ದಿನ ಯಾರೂ ಮುಟ್ಟಬಾರದು," ಅಂದಳು ಚಿನ್ನಿ, ನನ್ನ ದನಿಯಲ್ಲೇ. ಬೆಳಗ್ಗೆ ಸೈಟಿನಲ್ಲಿ ಕ್ಯೂರಿಂಗ್ ಬಗ್ಗೆ, ಅಂದರೆ ಹೊಸ ಕಾಂಕ್ರೀಟಿಗೆ ನೀರುಣಿಸುವುದರ ಬಗ್ಗೆ, ನಾನು ಆಳುಗಳಿಗೆ ಹೇಳಿದ್ದನ್ನು ಕೇಳಿಸಿಕೊಂಡಿದ್ದಳು.

ನಾಲ್ಕನೇ ದಿನ ಅವಳು ಊರಿಗೆ ಹೊರಟಳು. ಸ್ಲ್ಯಾಬ್ ಮೇಲೆ ಬದು ಕಟ್ಟಿ ನೀರು ನಿಲ್ಲಿಸಿದ್ದ ಫೋಟೋ ದಿನಾ ಕಳಿಸು ಅಂದಿದ್ದಳು. ಕಳಿಸಿದೆ. ಎಂಟನೇ ದಿನ ಬೆಳಗ್ಗೆ ಫೋನು ಬಂತು.

"ಗುಂಡು ತೆಗೆದ್ಯಾ ಮಾಮ?"

ಸ್ಪೀಕರ್ ಹಾಕಿ ತೆಗೆದೆ. ಪುಸ್ತಕ ಚಪ್ಪಟೆಯಾಗಿತ್ತು. ಮಡಚಿದ್ದ ಮೂಲೆಯೂ ನೆಟ್ಟಗಾಗಿತ್ತು. ತಿರುಗಿಸುತ್ತಾ ಹೋದೆ. ಕೊನೆಯ ಕಡೆ ಎರಡು ಹಾಳೆ ಒಂದಕ್ಕೊಂದು ಅಂಟಿಕೊಂಡು ಬಿಟ್ಟಿದ್ದವು. ಉಗುರು ಹಾಕಿದೆ, ಬಿಡಲಿಲ್ಲ. ಜೋರು ಮಾಡಿದರೆ ಹರಿಯುತ್ತದೆ.

"ಅಲ್ಲಿ ಏನಿತ್ತೇ ಚಿನ್ನಿ? ನನಗೆ ನೆನಪಾಗ್ತಿಲ್ಲ."

ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಅವಳು ಹೇಳತೊಡಗಿದಳು. ಬ್ಯಾಟ್‌ಮ್ಯಾನ್ ಸೈಟಿನಲ್ಲಿರುತ್ತಾನಂತೆ, ಮಿಕ್ಸರಿನ ಬೆಲ್ಟ್ ಹರಿಯುತ್ತದಂತೆ, ದೂರದಲ್ಲಿ ಮೋಡ ಕಪ್ಪಾಗುತ್ತದಂತೆ. ನಾನು ಬಾಗಿಲಲ್ಲಿ ಹೆಲ್ಮೆಟ್ ಹಿಡಿದು ನಿಂತವನು ಹಾಗೇ ಕೇಳುತ್ತಾ ನಿಂತೆ.